ಮುಂದಿನ ತಲೆಮಾರಿನವರು ಯಾರನ್ನು ಓದುವರು?

ಕೆಲವು ದಿವಸಗಳ ಹಿಂದೆ ಕಾರ್ಯನಿಮಿತ್ತವಾಗಿ ರಾಣೇಬೆನ್ನೂರ ತಾಲೂಕಿನ ಕುಪ್ಪೇಲೂರಿಗೆ ಹೋಗಿದ್ದಾಗ, ಅಲ್ಲಿಯ ನಿವೃತ್ತ ಶಿಕ್ಷಕರೊಬ್ಬರು ನಮ್ಮನ್ನು ಮನೆಯ ಕಟ್ಟೆಯ ಮೇಲೆ ಕೂಡ್ರಿಸಿಕೊಂಡು ಒಂದು ಪ್ರಶ್ನೆಯನ್ನು ಕೇಳಿದರು: “ಸಂಪಾದಕರೇ, ತಮ್ಮ ಪತ್ರಿಕೆಯಲ್ಲಿ ವಾರಕ್ಕೊಂದು ಪುಸ್ತಕದ ವಿಮರ್ಶೆ ಬರುತ್ತದೆ. ಬಂದುದೆಲ್ಲವೂ ಚಿರಸ್ಥಾಯಿಯಾದ ಗ್ರಂಥವೆಂದೇ ಬರೆದಿರುತ್ತೀರಿ. ನನ್ನ ಮೊಮ್ಮಗನು ನನ್ನಷ್ಟು ಮುದುಕನಾದಾಗ ಇವರಲ್ಲಿ ಯಾರನ್ನು ಓದುತ್ತಿರುವನು? ನಾಲ್ಕು ಹೆಸರು ಹೇಳಿರಿ ನೋಡೋಣ.” ನಾವು ಆಗ ನಕ್ಕು, ಚಹ ಕುಡಿದು, ಎದ್ದು ಬಂದೆವು. ಆದರೆ ಆ ಪ್ರಶ್ನೆಯು ಊರ ಅಗಸೆಯಲ್ಲಿ ನಿಲ್ಲದೆ ನಮ್ಮ ಬೆನ್ನು ಹತ್ತಿ ಕಚೇರಿಯವರೆಗೂ ಬಂದಿತು. ‘ಚಿರಸ್ಥಾಯಿ’ ಎಂಬ ಮಾತನ್ನು ನಾವು ಪತ್ರಿಕೆಯವರು ಬಹಳ ಅಗ್ಗ ಮಾಡಿದ್ದೇವೆಂಬುದನ್ನು ಮೊದಲೇ ಒಪ್ಪಿಕೊಂಡು, ಇಂದು ಆ ಹಿರಿಯರಿಗೆ ಉತ್ತರ ಕೊಡಲು ಯತ್ನಿಸುವೆವು.

ಇಂಥ ಭವಿಷ್ಯವನ್ನು ನುಡಿದವರ ಗತಿ ಏನಾಯಿತೆಂಬದನ್ನು ವಾಚಕರು ತಿಳಿದಿರಬೇಕು. ೧೯೨೯ನೆಯ ಇಸವಿಯಲ್ಲಿ ಇಂಗ್ಲಂಡದ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಯು ತನ್ನ ವಾಚಕರನ್ನು, ನೂರು ವರ್ಷಗಳ ತರುವಾಯ, ಅಂದರೆ ೨೦೨೯ರಲ್ಲಿ, ಈ ಕಾಲದ ಯಾವ ಕಾದಂಬರಿಕಾರರನ್ನು ಜನರು ಓದುತ್ತಿರುವರೆಂದು ಕೇಳಿತು. ಎಲ್ಲರಿಗಿಂತ ಹೆಚ್ಚು ಮತ ಬಿದ್ದುದು ಜಾನ್ ಗಾಲ್ಸ್‌ವರ್ದಿಯವರಿಗೆ. ಅವರ ಹಿಂದೆ ಎಚ್. ಜಿ. ವೆಲ್ಸ್ ಮತ್ತು ಅರ್ನಾಲ್ಡ್ ಬೆನೆಟ್. ಜೇಮ್ಸ್ ಜಾಯ್ಸ್ ಆಗಲಿ, ವರ್ಜೀನಿಯಾ ವುಲ್ಫ್ ಆಗಲಿ ಮೊದಲಿನ ಐವರಲ್ಲಿ ಸೇರಲಿಲ್ಲ. ಗಾಲ್ಸ್‌ವರ್ದಿಯವರಿಗೆ ೧೯೩೨ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಈಗ ಆ ವಾಯಿದೆ ಮುಗಿಯುತ್ತ ಬಂದಿದೆ. ವಿಶ್ವವಿದ್ಯಾಲಯಗಳಲ್ಲಿ ತರುಣರು ಜಾಯ್ಸ್ ಮತ್ತು ವುಲ್ಫರನ್ನು ಹಿಡಿದುಕೊಂಡು ಕುಳಿತಿದ್ದಾರೆ, ಅಗ್ರಪೂಜೆ ಪಡೆದ ಗಾಲ್ಸ್‌ವರ್ದಿಯವರನ್ನು ಕೇಳುವವರು ವಿರಳ. ಪಂಡಿತರ ಮಂಡಲಿಗಳ ಕಣ್ಣಾದರೂ ಇದಕ್ಕಿಂತ ಚುರುಕೆಂದಿಲ್ಲ. ೧೯೦೧ರಲ್ಲಿ ಸಾಹಿತ್ಯಕ್ಕೆ ಮೊಟ್ಟಮೊದಲಿನ ನೊಬೆಲ್ ಪಾರಿತೋಷಕವನ್ನು ಕೊಟ್ಟಾಗ ಟಾಲ್‌ಸ್ಟಾಯರು ಬದುಕಿದ್ದರು. ಪಾರಿತೋಷಕವು ಮಾತ್ರ ಸುಲ್ಲಿ ಪ್ರುಡೋಮ್ ಎಂಬ ಫ್ರೆಂಚ್ ಕವಿಗೆ ಸಂದಿತು.

ದೂರದ ಮಾತು ಸಾಕು. ನಮ್ಮ ಜಿಲ್ಲೆಯನ್ನೇ ನೋಡೋಣ. ಹಾವೇರಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಗಳಗನಾಥದಲ್ಲಿ ೧೮೬೯ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು, ಅಂದರೆ ನಮ್ಮೆಲ್ಲರ ಗಳಗನಾಥರು, ಒಂದು ಕಾಲಕ್ಕೆ ಉತ್ತರ ಕರ್ನಾಟಕದ ಮನೆಮನೆಯ ಗ್ರಂಥಕರ್ತರಾಗಿದ್ದರು. ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ವಿಜಯನಗರದ ಉದಯವನ್ನು ಕುರಿತು ‘ಮಾಧವ ಕರುಣಾ ವಿಲಾಸ’ವನ್ನು ಸ್ವತಂತ್ರವಾಗಿ ಬರೆದರು, ೧೯೦೭ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಯಿಸಿದರು, ಪುಸ್ತಕದ ಗಂಟನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ೧೯೪೨ರಲ್ಲಿ ಅವರು ತೀರಿಕೊಂಡಾಗ, ಇವರ ಕಾದಂಬರಿಗಳು ಕನ್ನಡವಿರುವ ವರೆಗೆ ಬಾಳುವವೆಂದು ಯಾರಾದರೂ ಬರೆದಿದ್ದರೆ ಅದನ್ನು ಅತಿಶಯೋಕ್ತಿಯೆಂದು ಒಬ್ಬರೂ ಅನ್ನುತ್ತಿದ್ದಿಲ್ಲ. ಇಂದು ಹಾವೇರಿಯ ಪೇಟೆಯಲ್ಲಿ ಹತ್ತು ಜನ ಸುಶಿಕ್ಷಿತರನ್ನು ನಿಲ್ಲಿಸಿ ಕೇಳಿರಿ. ಹತ್ತು ಜನರೂ ಹೆಸರನ್ನು ಬಲ್ಲರು, ಪುಟವನ್ನು ತೆರೆದವರು ಸಿಕ್ಕುವದು ಕಷ್ಟ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ಜಿಲ್ಲೆಯಲ್ಲಿಯೇ ಇದೆ. ಹಿರೇಕೆರೂರ ಸೀಮೆಯ ಅಬಲೂರು-ಮಾಸೂರುಗಳು ತಮ್ಮವನೆಂದು ಹೇಳಿಕೊಳ್ಳುವ ಸರ್ವಜ್ಞನಿಗೆ ಪ್ರಕಾಶಕರಿರಲಿಲ್ಲ, ಆಶ್ರಯದಾತರಿರಲಿಲ್ಲ. ಅವನ ಕಾಲವೂ ನಿಷ್ಕರ್ಷೆಯಾಗಿಲ್ಲ. ಆದರೂ ಅವನ ಮೂರು ಸಾಲುಗಳು ಒಕ್ಕಲಿಗನ ಕಣದಲ್ಲಿ, ವ್ಯಾಪಾರಿಯ ಗದ್ದುಗೆಯಲ್ಲಿ, ಅತ್ತೆ-ಸೊಸೆಯರ ಜಗಳದಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದವು. ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚೆನ್ನಪ್ಪನವರು ಅವುಗಳನ್ನು ಜನರ ಬಾಯಿಂದಲೂ ಓಲೆಗಳಿಂದಲೂ ಕೂಡಿಹಾಕಿ ೧೯೨೪ರಲ್ಲಿ ಅಚ್ಚು ಹಾಕಿಸಿದರು. ಶಿಶುವಿನಹಾಳದ ಶರೀಫ ಸಾಹೇಬರು ೧೮೮೯ರಲ್ಲಿ ದೇಹವಿಟ್ಟರು; ಅವರ ಪದಗಳನ್ನು ನೂರು ವರ್ಷ ಕಾಯ್ದವರು ಭಜನೆಯ ಮೇಳದವರು. ಆ ಮೇಲೆ ಸಿ. ಅಶ್ವತ್ಥರ ಕಂಠದಿಂದ ಅವು ಬೆಂಗಳೂರಿನ ಮನೆಗಳನ್ನೂ ಹೊಕ್ಕವು. ಇನ್ನು ನಂದಳಿಕೆಯ ಮುದ್ದಣನ ಪ್ರಸಂಗವು ಎಲ್ಲಕ್ಕೂ ಸೋಜಿಗದ್ದು. ತನ್ನ ಹೆಸರಿನಿಂದ ಪ್ರಕಟಿಸಿದರೆ ಯಾರೂ ಆದರಿಸಲಿಕ್ಕಿಲ್ಲವೆಂದು ‘ರಾಮಾಶ್ವಮೇಧ’ವನ್ನು ಹಳೆಯ ಕವಿಯ ಕೃತಿಯೆಂಬಂತೆ ಕಳಿಸಿಕೊಟ್ಟು, ೧೯೦೧ರಲ್ಲಿ ಬಡತನ-ರೋಗಗಳಿಂದ ತೀರಿಕೊಂಡ ಆ ವ್ಯಾಯಾಮದ ಮಾಸ್ತರನ ಮುದ್ದಣ-ಮನೋರಮೆಯರು ಇಂದಿಗೂ ಕನ್ನಡಿಗರನ್ನು ನಗಿಸುತ್ತಿದ್ದಾರೆ.

ಇದರಿಂದ ಸಿದ್ಧವಾಗುವದೇನು? ಇಂದಿನ ಮಾರಾಟವನ್ನಾಗಲಿ ಮಾನಸಮ್ಮಾನವನ್ನಾಗಲಿ ನೋಡಿ ನಾಳೆಯ ಆಯುಷ್ಯವನ್ನು ಅಳೆಯಲು ಬರುವದಿಲ್ಲ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಗೆ ಬಣ್ಣ ನೋಡಿ ದರ ಕಟ್ಟುವರು. ಆ ದರವು ಆ ದಿವಸದ್ದು. ಬಿತ್ತನೆಯ ಬೀಜವನ್ನು ಆರಿಸುವಾಗ ಒಕ್ಕಲಿಗನು ನೋಡುವ ಗುಣವೇ ಬೇರೆ. ಸವಣೂರಿನಲ್ಲಿ ೧೯೦೯ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರಿಗೆ ೧೯೯೦ರ ಜ್ಞಾನಪೀಠ ಪಾರಿತೋಷಕವು ದೊರೆತು ನಮ್ಮ ನಾಡಿಗೆಲ್ಲ ಹಬ್ಬವಾಯಿತು. ಅವರ ‘ಭಾರತ ಸಿಂಧು ರಶ್ಮಿ’ಯ ಬಗ್ಗೆ ನಮಗೆ ಅಪಾರವಾದ ಗೌರವವಿದೆ, ಆದರೆ ಆ ಮಹಾಕಾವ್ಯವನ್ನು ಆದ್ಯಂತವಾಗಿ ಓದಿದವರನ್ನು ನಾವು ಬೆರಳ ಮೇಲೆ ಎಣಿಸಬಲ್ಲೆವು. ಜನರಿಗೆ ‘ಗೋಕಾಕ’ ಎಂದೊಡನೆ ನೆನಪಾಗುವದು ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ಕುರಿತು ೧೯೮೧ರಲ್ಲಿ ಅವರು ಸಲ್ಲಿಸಿದ ವರದಿ ಮತ್ತು ಅದಕ್ಕಾಗಿ ೧೯೮೨ರಲ್ಲಿ ಎದ್ದ ಚಳವಳಿ. ಕವಿಯ ಕಾವ್ಯಕ್ಕಿಂತ ವರದಿಯು ಹೆಚ್ಚು ಬಾಳಿದ್ದು ವಿಚಿತ್ರವೆನಿಸಿದರೂ ಅದು ನಿಜ. ಅದರಲ್ಲಿ ಒಂದು ಪಾಠವೂ ಇದೆ, ಅದನ್ನು ಕೊನೆಗೆ ಹೇಳುವೆವು.

ಈಗ ಶಿಕ್ಷಕರು ಕೇಳಿದ ಹೆಸರುಗಳು. ತಪ್ಪಿಸಿಕೊಳ್ಳುವದು ಸಂಪಾದಕನ ಧರ್ಮವಲ್ಲ. ನಮ್ಮ ಪರೀಕ್ಷೆಗಳು ಎರಡೇ. ಪುಸ್ತಕವನ್ನು ಮುಚ್ಚಿಟ್ಟ ಮೇಲೆಯೂ ಅದರ ಮಾತು ಬಾಯಲ್ಲಿ ಉಳಿಯುವದೇ? ಇಪ್ಪತ್ತು ವರ್ಷದವನಾಗಿ ಓದಿದ್ದನ್ನು ಐವತ್ತರಲ್ಲಿ ತೆರೆದಾಗ ಅದು ಹೊಸದೇನನ್ನಾದರೂ ಹೇಳುವದೇ? ಮೊದಲನೆಯ ಪರೀಕ್ಷೆಯಲ್ಲಿ ಬೇಂದ್ರೆಯವರಿಗೆ ಎದುರಿಲ್ಲ. ಓದು ಬಾರದವರೂ ಅವರ ಪದಗಳನ್ನು ಹಾಡುತ್ತಾರೆ. ೧೯೪೩ರಲ್ಲಿ ಹೊರಬಂದ ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ವು ಮದುವೆಯ ಕರೆಯೋಲೆಯಿಂದ ಉಪನ್ಯಾಸದ ವೇದಿಕೆಯ ವರೆಗೆ ಸರ್ವಜ್ಞನ ಹಾದಿಯನ್ನೇ ಹಿಡಿದಿದೆ. ಎರಡನೆಯ ಪರೀಕ್ಷೆಯಲ್ಲಿ ಕಾರಂತರ ‘ಚೋಮನ ದುಡಿ’ ಮತ್ತು ‘ಮರಳಿ ಮಣ್ಣಿಗೆ’, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ಮಾಸ್ತಿಯವರ ಸಣ್ಣ ಕತೆಗಳು ಗೆಲ್ಲುವವು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಬಗ್ಗೆ ನಮಗೆ ಹೆಚ್ಚಿನ ಧೈರ್ಯವುಂಟು; ಯಾಕಂದರೆ ಪರೀಕ್ಷೆಯ ಭಯವಿಲ್ಲದೆ ತರುಣರು ತಾವಾಗಿ ಕೊಂಡು ಓದುವ ಕನ್ನಡ ಪುಸ್ತಕಗಳಲ್ಲಿ ಅದು ಮೊದಲನೆಯ ಸಾಲಿನದು.

೨೦೨೫ರ ಸಪ್ಟೆಂಬರದಲ್ಲಿ ನಮ್ಮನ್ನು ಅಗಲಿದ ಭೈರಪ್ಪನವರ ವಿಷಯದಲ್ಲಿ ವಾಚಕರು ಎರಡು ಪಂಗಡಗಳಾಗಿದ್ದಾರೆ. ವಾದಕ್ಕೆಂದು ಬರೆದದ್ದು ವಾದ ತಣ್ಣಗಾದೊಡನೆ ತಣ್ಣಗಾಗುವದು ಸಹಜ. ಆದರೆ ‘ವಂಶವೃಕ್ಷ’ (೧೯೬೫) ಮತ್ತು ‘ಪರ್ವ’ (೧೯೭೯) ಎರಡನ್ನೂ ಅವರ ವಿರೋಧಿಗಳ ಮೊಮ್ಮಕ್ಕಳೂ ಓದುವರೆಂದು ನಮ್ಮ ಎಣಿಕೆ. ಹಾಗೆಯೇ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (೧೯೬೫) ಭೈರಪ್ಪನವರ ಅಭಿಮಾನಿಗಳ ಮೊಮ್ಮಕ್ಕಳು ಓದುವರು. ಕಾಲಕ್ಕೆ ಪಕ್ಷಪಾತವಿಲ್ಲ. ನಮ್ಮ ನಡುವೆ ಬರೆದವರಲ್ಲಿ ದೇವನೂರ ಮಹಾದೇವರು ಬರೆದದ್ದು ಅಳತೆಯಲ್ಲಿ ಅತ್ಯಲ್ಪ. ‘ಕುಸುಮಬಾಲೆ’ಯ ಮಾತು ಹಾವೇರಿಯವರಿಗೆ ಮೊದಲ ಓದಿಗೆ ದಕ್ಕುವದೂ ಇಲ್ಲ. ಆದರೂ ಪಣ ಕಟ್ಟುವದಾದರೆ ಅದರ ಮೇಲೆಯೇ ಕಟ್ಟುವೆವು. ವೈದೇಹಿಯವರ ಕತೆಗಳಲ್ಲಿ ಅಡಿಗೆಮನೆಯ ಹೆಂಗಸರು ಆಡುವ ಮಾತು ಬೇರೆ ಯಾವ ದಫ್ತರದಲ್ಲಿಯೂ ದಾಖಲಾಗಿಲ್ಲ. ಕಂಬಾರರ ನಾಟಕಗಳು ಆಡುವವರಿರುವ ತನಕ ಸಾಯಲಾರವು. ೨೦೨೫ರಲ್ಲಿ ಬಾನು ಮುಷ್ತಾಕರ ಕತೆಗಳು ದೀಪಾ ಭಾಸ್ತಿಯವರ ಇಂಗ್ಲಿಷಿನ ಮೂಲಕ ಅಂತರರಾಷ್ಟ್ರೀಯ ಬೂಕರ್ ಪಾರಿತೋಷಕವನ್ನು ಗಳಿಸಿದ್ದು ಕನ್ನಡಿಗರೆಲ್ಲರ ಹೆಮ್ಮೆ. ಆದರೆ ಆ ಕತೆಗಳು ಕನ್ನಡದಲ್ಲಿ ಬಾಳುವವೋ ಇಲ್ಲವೋ ಎಂಬದನ್ನು ಲಂಡನ್ನಿನವರು ತೀರ್ಮಾನಿಸಲಾರರು. ಹಾಸನ, ಹಾವೇರಿಗಳ ವಾಚಕರು ತೀರ್ಮಾನಿಸಬೇಕು.

ಇಷ್ಟು ಹೆಸರುಗಳನ್ನು ಹೇಳಿಯೂ ನಮಗೆ ಸಮಾಧಾನವಿಲ್ಲ. ಕಾರಣವನ್ನು ಮುಚ್ಚಿಡದೆ ಹೇಳುವೆವು. ನಮ್ಮ ಮನೆಯಲ್ಲಿಯೇ ಏಳು ವರ್ಷದ ಮೊಮ್ಮಗಳು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾಳೆ. ಅಜ್ಜನ ಪತ್ರಿಕೆಯ ತಲೆಬರಹವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಎಡವುತ್ತ ಓದುತ್ತಾಳೆ. ಕನ್ನಡದ ಅಭಿಮಾನವನ್ನು ದಿನವೂ ಅಗ್ರಲೇಖನದಲ್ಲಿ ಬೋಧಿಸುವ ಮನೆಯ ಅವಸ್ಥೆ ಇದು! ಮಾಧ್ಯಮವನ್ನು ತಂದೆತಾಯಿಗಳ ಮೇಲೆ ಸರಕಾರವು ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ತೀರ್ಪು ಕೊಟ್ಟಾಗಿದೆ. ಇನ್ನು ಹೊಣೆಯು ಮನೆಯದು. ‘ಮಲೆಗಳಲ್ಲಿ ಮದುಮಗಳು’ ಅಮರಕೃತಿಯೇ ಹೌದು. ಆದರೆ ಅಷ್ಟು ಪುಟಗಳನ್ನು ಸರಾಗವಾಗಿ ಓದಬಲ್ಲ ಕಣ್ಣು ನಾಡಿನಲ್ಲಿ ಉಳಿಯದಿದ್ದರೆ ಅಮರತ್ವವು ಕಪಾಟಿನಲ್ಲಿ ಧೂಳು ಹಿಡಿಯುವದು. ಗೋಕಾಕ ವರದಿಯ ಪಾಠವೆಂದು ನಾವು ಮೇಲೆ ಹೇಳಿದ್ದು ಇದನ್ನೇ. ಆ ಕವಿಗಳು ವರದಿಯಲ್ಲಿ ಕೇಳಿದ್ದು ನಾಳೆಯ ಓದುಗನನ್ನು. ಅವನಿಲ್ಲದೆ ಯಾವ ಕವಿಯ ಕಾವ್ಯವೂ ಇಲ್ಲ.

ಎರಡನೆಯ ಗಂಡಾಂತರವು ಸುಶಿಕ್ಷಿತರ ಲಕ್ಷ್ಯಕ್ಕೆ ಬಂದಿಲ್ಲ. ೧೯೫೭ರ ಕಾಯಿದೆಯ ಮೇರೆಗೆ ಗ್ರಂಥಕರ್ತನು ತೀರಿಕೊಂಡ ಬಳಿಕ ಅರವತ್ತು ವರ್ಷ ಹಕ್ಕು ವಾರಸದಾರರ ಕೈಯಲ್ಲಿರುವದು. ೧೯೬೩ರಲ್ಲಿ ಅಕಾಲಮರಣಕ್ಕೆ ಈಡಾದ ತ್ರಿವೇಣಿಯವರ ಕಾದಂಬರಿಗಳು ೨೦೨೩ರ ಅಖೇರಿಗೆ ಸಾರ್ವಜನಿಕರ ಸ್ವತ್ತಾದವು. ಬೇಂದ್ರೆಯವರವು ೨೦೪೧ರ ಅಖೇರಿಯ ತನಕ, ತೇಜಸ್ವಿಯವರವು ೨೦೬೭ರ ಅಖೇರಿಯ ತನಕ ವಾರಸದಾರರವು. ದೊಡ್ಡ ಹೆಸರಿನವರಿಗೆ ಪ್ರಕಾಶಕರು ಸಿಕ್ಕುವರು. ಆದರೆ ಎರಡನೆಯ ಸಾಲಿನ ಒಳ್ಳೆಯ ಲೇಖಕನ ಪುಸ್ತಕವು ಪ್ರತಿಗಳು ತೀರಿದ ಮೇಲೆ ಮರುಮುದ್ರಣವಾಗದೆ, ಇತರರಿಗೂ ಅಚ್ಚಿಸಲು ಅಪ್ಪಣೆಯಿಲ್ಲದೆ, ಆ ಅರವತ್ತು ವರ್ಷಗಳಲ್ಲಿಯೇ ಕಣ್ಮರೆಯಾಗುವದು. ಲೇಖಕರ ಮಕ್ಕಳಲ್ಲಿ ನಮ್ಮ ವಿನಂತಿ: ನಿಮಗೆ ಅಚ್ಚು ಹಾಕಿಸಲು ಶಕ್ತಿಯಿಲ್ಲದಿದ್ದರೆ ಹಾಕಿಸುವವರಿಗೆ ಸುಲಭವಾಗಿ ಒಪ್ಪಿಗೆ ಕೊಡಿರಿ. ಗಳಗನಾಥರಂಥವರ ಹಕ್ಕುಗಳು ಎಂದೋ ಮುಗಿದಿವೆ. ಅವರನ್ನು ಪುನಃ ಬೆಳಕಿಗೆ ತರಲು ಯಾರ ಅಪ್ಪಣೆಯೂ ಬೇಡ, ಮನಸ್ಸು ಬೇಕು.

ಅಧಿಕಾರಿಗಳಿಗೂ ಒಂದು ಮಾತು. ೧೯೬೫ರ ಕಾಯಿದೆಯಂತೆ ಮನೆಯ ಕರದೊಡನೆ ಗ್ರಂಥಾಲಯದ ಕರವನ್ನೂ ನಾವು ತೆರುತ್ತೇವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ವೆಂಬ ಚೆಲುವಾದ ಹೆಸರು ಬಂದಿದೆ. ಹೆಸರಿಗೆ ತಕ್ಕಂತೆ ಜಿಲ್ಲೆಯ ಪ್ರತಿಯೊಂದು ಕೇಂದ್ರದಲ್ಲಿ ಸ್ಪರ್ಧಾಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಕನಕದಾಸ, ಸರ್ವಜ್ಞ, ಶರೀಫ, ಗಳಗನಾಥ, ಗೋಕಾಕರಿಗಾಗಿ ಒಂದು ಹಲಗೆಯನ್ನಾದರೂ ಕಾದಿರಿಸಬಾರದೆ? ವಾರಕ್ಕೊಂದು ಸಂಜೆ ಶಿಕ್ಷಕರೊಬ್ಬರು ಮಕ್ಕಳನ್ನು ಕೂಡ್ರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಬಾರದೆ? ೨೦೨೩ರ ಜನವರಿಯಲ್ಲಿ ಹಾವೇರಿಯಲ್ಲಿ ೮೬ನೆಯ ಸಾಹಿತ್ಯ ಸಮ್ಮೇಲನವು ಮೂರು ದಿವಸ ವಿಜೃಂಭಣೆಯಿಂದ ಜರುಗಿತು. ಮಂಟಪವನ್ನು ಬಿಚ್ಚಿ ಒಯ್ದ ಮೇಲೆ ಊರಿನಲ್ಲಿ ಉಳಿಯಬೇಕಾದದ್ದು ಇಂಥ ಕೆಲಸವೇ.

ಗಳಗನಾಥರನ್ನು ಮರೆತೆವೆಂದು ಮೇಲೆ ಬರೆದೆವು. ಅವರು ಸೋತರೆಂದು ಯಾರೂ ತಿಳಿಯಬಾರದು. ಅವರು ತಲೆಯ ಮೇಲೆ ಹೊತ್ತ ಗಂಟಿನಿಂದ ಮನೆಮನೆಯಲ್ಲಿ ಓದುವ ಚಟ ಹುಟ್ಟಿತು. ಆ ಮನೆಗಳ ಮಕ್ಕಳೇ ಮುಂದೆ ಬೇಂದ್ರೆ-ಕಾರಂತರಿಗೆ ವಾಚಕರಾದರು. ತಾನು ಮರೆತುಹೋದರೂ ಚಿಂತೆಯಿಲ್ಲ, ಕನ್ನಡವನ್ನು ಓದುವವನೊಬ್ಬನು ಹುಟ್ಟಲಿ ಎಂದು ನಡೆದ ಆ ಪುರುಷನ ಗಂಟು ಇಂದು ನೆಲದ ಮೇಲೆ ಬಿದ್ದಿದೆ; ಎತ್ತಿಕೊಳ್ಳುವವರು ಬೇಕಾಗಿದ್ದಾರೆ.

ಕುಪ್ಪೇಲೂರಿನ ಹಿರಿಯರೇ, ತಮ್ಮ ಮೊಮ್ಮಗನು ಮುದುಕನಾದಾಗ ಯಾರನ್ನು ಓದುವನೆಂಬದಕ್ಕೆ ನಮ್ಮ ಬುದ್ಧಿಗೆ ತೋಚಿದ ಹೆಸರುಗಳನ್ನು ಹೇಳಿದ್ದೇವೆ. ತಪ್ಪಿದ್ದರೆ ಕಾಲವು ತಿದ್ದುವದು. ಆದರೆ ಈ ಸಂಜೆ ಅವನಿಗೆ ಕನ್ನಡದ ಒಂದು ಕತೆಯನ್ನು ಓದಿ ಹೇಳುವ ಕೆಲಸವನ್ನು ಕಾಲವು ಮಾಡಲಾರದು. ಅದು ತಮ್ಮದು. ನಮ್ಮ ಮನೆಯಲ್ಲಿ ಅದನ್ನು ನಾವು ನಿನ್ನೆಯಿಂದ ಆರಂಭಿಸಿದ್ದೇವೆ.