ನೇಕಾರನ ಮೊಣಕೈ: ಉದ್ಯಮದ ಲೆಕ್ಕಕ್ಕೆ ಸೇರದ ವೆಚ್ಚ

ಮಗ್ಗದ ಮನೆಯಲ್ಲಿ ಲಾಳಿ ಸವೆದರೆ ಅದನ್ನು ಅಂದೇ ಬದಲಿಸಲಾಗುತ್ತದೆ. ಹಣಿಗೆಯ ಹಲ್ಲು ಬಾಗಿದರೆ ಸೀರೆಯ ಮೇಲೆ ಗೆರೆ ಬೀಳುವುದೆಂದು ಮಾಲೀಕರು ಮಗ್ಗವನ್ನೇ ನಿಲ್ಲಿಸಿ ಸರಿಪಡಿಸುತ್ತಾರೆ. ಆದರೆ ಲಾಳಿಯ ಹಗ್ಗ ಎಳೆಯುವ ಕೈಯ ಮೊಣಗಂಟಿನಲ್ಲಿ ನೋವು ಕಾಣಿಸಿಕೊಂಡಾಗ ಮಗ್ಗ ನಿಲ್ಲುವುದಿಲ್ಲ. ವಾಯು ಎಂದೋ, ವಯಸ್ಸಾಯಿತು ಎಂದೋ ಹೇಳಿ ಎಣ್ಣೆ ಸವರಿ, ಒಂದು ಮಾತ್ರೆ ನುಂಗಿ, ಕೆಲಸ ಮುಂದುವರಿಯುತ್ತದೆ. ಮಾಲೀಕರಿಗೆ ಈ ವಿಷಯ ತಿಳಿಯುವುದು ಬಹುತೇಕ ಸಂದರ್ಭಗಳಲ್ಲಿ ನೇಕಾರ ಕೆಲಸಕ್ಕೆ ಬಾರದೆ ಉಳಿದ ದಿನವೇ.

ಕೊಳ್ಳೇಗಾಲ, ಯಳಂದೂರು ಮತ್ತು ಈಚೆಗೆ ಕೊಳ್ಳೇಗಾಲದಿಂದ ಬೇರ್ಪಟ್ಟು ತಾಲ್ಲೂಕಾದ ಹನೂರು, ಈ ಮೂರೂ ಕಡೆಯ ವ್ಯವಹಾರ ಕೈಕಸುಬಿನ ಮೇಲೆ ನಿಂತಿದೆ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆಯು ಆ ದಿನಗಳಲ್ಲಿಯೇ ಮದರಾಸು ಪ್ರಾಂತದ ಪ್ರಮುಖ ಹಿಪ್ಪುನೇರಳೆ ಪ್ರದೇಶವೆಂದು ಹೆಸರಾಗಿತ್ತು. ಚರಕ ಹಾಗೂ ಕಾಟೇಜ್ ಬೇಸಿನ್‌ಗಳ ಮುಂದೆ ಕುಳಿತು ಬಿಸಿನೀರಿನಿಂದ ಎಳೆ ತೆಗೆಯುವವರು, ಹುರಿ ಹಾಕುವವರು, ಜರಿ ಸೀರೆ ನೇಯುವವರು, ಕರಿಕಲ್ಲು ಕೊರೆದು ಹೊಳಪು ಕೊಡುವವರು, ದಿನಸಿ ಮಂಡಿಗಳಲ್ಲಿ ಮೂಟೆ ಎತ್ತುವ ಹಮಾಲಿಗಳು, ಮಹದೇಶ್ವರ ಬೆಟ್ಟದ ಸುತ್ತ ಲಂಟಾನ ಕಡ್ಡಿಯ ತೊಗಟೆ ಸುಲಿದು ಪೀಠೋಪಕರಣ ಕಟ್ಟುವ ಸೋಲಿಗ ಕುಶಲಕರ್ಮಿಗಳು, ಇವರೆಲ್ಲರ ಬಂಡವಾಳ ಮುಂಗೈ ಮತ್ತು ಬೆರಳುಗಳೇ ಆಗಿವೆ.

ಒಂದು ಸರಳ ಲೆಕ್ಕ ನೋಡಬಹುದು. ಸೀರೆಯ ಉದ್ದ ಐದೂವರೆ ಮೀಟರ್, ಒಂದು ಸೆಂಟಿಮೀಟರಿಗೆ ಹೊಕ್ಕು 20 ಎಳೆ ಎಂದು ಕಡಿಮೆಯಾಗಿಯೇ ಹಿಡಿದರೂ, ಒಂದು ಸೀರೆಗೆ 11,000 ಹೊಕ್ಕು ಬೇಕಾಗುತ್ತದೆ. ಅಂದರೆ ಒಂದು ಕೈ 11,000 ಸಲ ಲಾಳಿಯ ಹಗ್ಗ ಎಳೆಯಬೇಕು. ಇನ್ನೊಂದು ಕೈ ಅಷ್ಟೇ ಸಲ ಹಣಿಗೆಯ ಹಲಗೆಯನ್ನು ಬಡಿಯಬೇಕು. ಯಾವ ಯಂತ್ರದ ಬಿಡಿಭಾಗಕ್ಕಾದರೂ ಇಷ್ಟು ಕೆಲಸ ಕೊಟ್ಟರೆ ಅದರ ನಿರ್ವಹಣೆಗೆಂದು ಲೆಕ್ಕಪುಸ್ತಕದಲ್ಲಿ ಒಂದು ಸಾಲು ಇದ್ದೇ ಇರುತ್ತದೆ.

ನೋವು ಬರುವ ಬಗೆ ಕುತೂಹಲಕರವಾದುದು. ಎಳೆಯುವುದು ಬೆರಳು, ನೋಯುವುದು ಮೊಣಕೈಯ ಹೊರಬದಿ. ಏನನ್ನಾದರೂ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಒಳಕ್ಕೆ ಬಾಗದಂತೆ ತಡೆದು ನಿಲ್ಲಿಸುವ ಸ್ನಾಯುಗಳು ಮುಂಗೈಯ ಹಿಂಬದಿಯಲ್ಲಿವೆ. ಅವೆಲ್ಲ ಒಂದೇ ಸ್ನಾಯುರಜ್ಜುವಾಗಿ ಮೊಣಕೈಯ ಹೊರಗಿನ ಚಿಕ್ಕ ಎಲುಬಿನುಬ್ಬಿಗೆ ಅಂಟಿಕೊಂಡಿವೆ. ಹಿಡಿತ ಬಿಗಿಯಾದಷ್ಟೂ ಸಲ ಆ ಜಾಗಕ್ಕೆ ಜಗ್ಗು ಬೀಳುತ್ತದೆ. ದಿನದ ಸವೆತವನ್ನು ರಾತ್ರಿಯ ವಿಶ್ರಾಂತಿ ತುಂಬಿಕೊಡಲಾರದೆ ಹೋದಾಗ ರಜ್ಜುವಿನ ಎಳೆಗಳು ಅಸ್ತವ್ಯಸ್ತವಾಗುತ್ತವೆ. ಇದು ಮುಖ್ಯವಾಗಿ ಉರಿಯೂತವಲ್ಲ, ಸವೆತ. ಈ ಒಂದು ಭೇದವನ್ನು ಅರಿತರೆ ಚಿಕಿತ್ಸೆಯ ಅರ್ಧ ಗೊಂದಲ ಕಳೆಯುತ್ತದೆ. ಅಂಗೈ ಕೆಳಮುಖವಾಗಿಟ್ಟು ನೀರು ತುಂಬಿದ ಚೆಂಬನ್ನು ಎತ್ತುವಾಗ ಮೊಣಕೈಯ ಹೊರಬದಿ ಚುಳುಕೆಂದರೆ ಈ ತೊಂದರೆಯೇ ಇರುವ ಸಂಭವ ಹೆಚ್ಚು.

ವೈದ್ಯರು ಇದನ್ನು ‘ಟೆನಿಸ್ ಎಲ್ಬೊ’ ಎನ್ನುತ್ತಾರೆ. ಹೆಸರಿನಿಂದಾಗಿ ಇದು ಆಟಗಾರರ ಕಾಯಿಲೆ ಎಂಬ ಭ್ರಮೆ ಹುಟ್ಟಿದೆ. ವಸ್ತುತಃ ಜರ್ಮನಿಯ ರುಂಗೆ ಎಂಬ ವೈದ್ಯರು 1873ರಲ್ಲಿ ಇದನ್ನು ವರ್ಣಿಸಿದ್ದು ಬರವಣಿಗೆಯವರ ಕೈನೋವನ್ನು ಕುರಿತು ಬರೆಯುವಾಗ. ಅದಕ್ಕೂ ಮುಂಚೆ, 1713ರಲ್ಲಿ, ಇಟಲಿಯ ರಾಮಜ್ಜೀನಿ ಕಸುಬುದಾರರ ರೋಗಗಳ ಬಗೆಗಿನ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಗುಮಾಸ್ತರ ಕೈಬೇನೆಯನ್ನು ದಾಖಲಿಸಿದ್ದರು. ಲೆಕ್ಕ ಬರೆಯುವವರೂ ಈ ಪಟ್ಟಿಯಿಂದ ಹೊರಗಿಲ್ಲವೆಂಬುದನ್ನು ವರ್ತಕ ಬಂಧುಗಳು ಗಮನಿಸಬಹುದು.

ಕೈನೋವೆಲ್ಲ ಒಂದೇ ಅಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ರಾತ್ರಿ ಜೋಮು ಹಿಡಿದು, ಎದ್ದು ಕೈ ಕೊಡವಿದಾಗ ಹಗುರವಾದರೆ ಅದು ಮಣಿಕಟ್ಟಿನ ಕಿರಿದಾದ ಸುರಂಗದಲ್ಲಿ ನರ ಅದುಮಿಕೊಂಡಿರುವ ಸೂಚನೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇರುವವರಲ್ಲಿ ಹಾಗೂ ಗರ್ಭಿಣಿಯರಲ್ಲಿ ಇದು ಹೆಚ್ಚು. ಕಿರುಬೆರಳು ಜೋಮು ಹಿಡಿಯುವುದಾದರೆ ಒತ್ತಡ ಸಾಮಾನ್ಯವಾಗಿ ಮೊಣಕೈಯ ಒಳಬದಿಯ ನರದ ಮೇಲೆ. ಕಲ್ಲು ಕೊರೆಯುವ ಯಂತ್ರ ಹಿಡಿದವರ ಬೆರಳ ತುದಿ ಮರಗಟ್ಟುವುದು ಕಂಪನದ ಫಲ. ಅದು ಬಲಿತ ಮೇಲೆ ಹಿಂದಿರುಗುವುದು ಕಷ್ಟ. ಎಡಗೈ ನೋವಿನ ಜತೆಗೆ ಎದೆ ಬಿಗಿತ, ಬೆವರು ಇದ್ದರೆ ಮಾತ್ರ ಮಗ್ಗ, ಮೂಟೆ ಯಾವುದನ್ನೂ ದೂರದೆ ಆ ಗಳಿಗೆಯೇ ಆಸ್ಪತ್ರೆಗೆ ಧಾವಿಸತಕ್ಕದ್ದು.

ಮೊಣಕೈ ನೋವಿಗೆ ಈಗ ಹೆಚ್ಚಾಗಿ ನಡೆಯುತ್ತಿರುವ ಚಿಕಿತ್ಸೆಯ ಬಗ್ಗೆ ವಿಚಾರ ಮಾಡಬೇಕಾಗಿದೆ. ನೋವಿನ ಜಾಗಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ವಾರದೊಳಗೆ ಆರಾಮವೆನಿಸುತ್ತದೆ, ಮಾರನೆಯ ವಾರ ನೇಕಾರ ಮತ್ತೆ ಮಗ್ಗದ ಮುಂದಿರುತ್ತಾನೆ. ಮಾಲೀಕನಿಗೂ ಸಂತೋಷ. ಆದರೆ ಆಸ್ಟ್ರೇಲಿಯಾದಲ್ಲಿ 198 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚುಚ್ಚುಮದ್ದು ಪಡೆದವರ ಪೈಕಿ ಆರು ವಾರಕ್ಕೆ ಶೇ. 78ರಷ್ಟು ಮಂದಿ ಗುಣ ಕಂಡರೂ, ಅನಂತರ ಶೇ. 72ರಷ್ಟು ಮಂದಿಗೆ ನೋವು ಮರುಕಳಿಸಿತು. ಅದೇ ದೇಶದಲ್ಲಿ 165 ಮಂದಿಯ ಮೇಲೆ ನಡೆದು 2013ರಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ, ಒಂದು ವರ್ಷದ ಕೊನೆಗೆ ಔಷಧವಿಲ್ಲದ ಬರಿಯ ಚುಚ್ಚುಮದ್ದು ಪಡೆದವರಲ್ಲಿ ಶೇ. 96 ಮಂದಿ ಗುಣವಾಗಿದ್ದರೆ, ಸ್ಟೀರಾಯ್ಡ್ ಪಡೆದವರಲ್ಲಿ ಶೇ. 83 ಮಂದಿ ಮಾತ್ರ. ಏನೂ ಕೊಡದಿದ್ದವರೇ ವರ್ಷದ ಕೊನೆಗೆ ಮುಂದಿದ್ದರು! ಮೇಲಿಂದ ಮೇಲೆ ಚುಚ್ಚಿಸಿಕೊಂಡರೆ ರಜ್ಜುವೇ ದುರ್ಬಲವಾಗುವ ಅಪಾಯವೂ ಉಂಟು. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಿಗಂತೂ ಮತ್ತಷ್ಟು ಕೆಡುಕು.

ಫಲಕಾರಿಯಾದ ದಾರಿ ನಿಧಾನವಾದುದು. ಕೆಲವು ವಾರ ಹೊರೆ ಇಳಿಸುವುದು, ಅಗತ್ಯವಿದ್ದರೆ ಮುಂಗೈಗೆ ಪಟ್ಟಿ ಕಟ್ಟುವುದು, ಫಿಸಿಯೋಥೆರಪಿ ತಜ್ಞರು ತೋರಿಸಿಕೊಟ್ಟಂತೆ ಸಣ್ಣ ತೂಕ ಹಿಡಿದು ಮಣಿಕಟ್ಟನ್ನು ಮೆಲ್ಲಗೆ ಇಳಿಸುವ ವ್ಯಾಯಾಮವನ್ನು ಎರಡು ಮೂರು ತಿಂಗಳು ಬಿಡದೆ ಮಾಡುವುದು. ಬಹುಪಾಲು ಮಂದಿ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತಾರೆ. ಮಣಿಕಟ್ಟಿನ ನರದ ತೊಂದರೆಗೆ ಆರಂಭದಲ್ಲಿ ರಾತ್ರಿ ವೇಳೆ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಸಾಕಾಗಬಹುದು; ಹೆಬ್ಬೆರಳ ಬುಡದ ಮಾಂಸ ಕರಗತೊಡಗಿದ ಮೇಲೆ ತಡ ಮಾಡುವಂತಿಲ್ಲ.

ಹಾಗಿದ್ದರೂ ನೇಕಾರ ಚುಚ್ಚುಮದ್ದನ್ನೇ ಬೇಡುತ್ತಾನೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಕೂಲಿ ಸೀರೆಯ ಲೆಕ್ಕದಲ್ಲಿದೆ. ಕೈ ನಿಂತ ದಿನ ಕೂಲಿಯೂ ನಿಲ್ಲುತ್ತದೆ. ಮೇಲೆ ಮಾಲೀಕರಿಂದ ಪಡೆದ ಮುಂಗಡವಿದೆ. ಮೂರು ವಾರ ಹೊರೆ ಇಳಿಸಿರೆಂದು ವೈದ್ಯರು ಚೀಟಿಯಲ್ಲಿ ಬರೆದುಕೊಡಬಹುದು, ಆ ಮೂರು ವಾರದ ಅಕ್ಕಿಯನ್ನು ಬರೆದುಕೊಡಲಾರರು. ಹೀಗಾಗಿ ಚಿಕಿತ್ಸೆಯನ್ನು ನಿರ್ಧರಿಸುತ್ತಿರುವುದು ವೈದ್ಯರಲ್ಲ, ಕೂಲಿಯ ಪದ್ಧತಿ. ಉದ್ಯಮದವರು ಕೈಹಾಕಬೇಕಾದ ಜಾಗವೂ ಅದೇ.

ವಿದ್ಯುತ್ ಮಗ್ಗದ ಪೈಪೋಟಿ, ಗೂಡಿನ ಬೆಲೆಯ ಏರಿಳಿತ ಇವುಗಳ ನಡುವೆ ಸಣ್ಣ ಘಟಕಕ್ಕೆ ಇನ್ನೊಂದು ಖರ್ಚನ್ನು ಹೊರುವ ಶಕ್ತಿ ಎಲ್ಲಿದೆ ಎಂಬ ಆಕ್ಷೇಪ ನ್ಯಾಯವಾದುದೇ. ನೌಕರರ ರಾಜ್ಯ ವಿಮೆಯಲ್ಲಿ ಕಾಯಿಲೆಯ ಕಾಲಕ್ಕೆ ವೇತನದ ಶೇ. 70ರಂತೆ ವರ್ಷಕ್ಕೆ 91 ದಿನಗಳವರೆಗೆ ನೆರವು ದೊರೆಯುತ್ತದೆ. ಆದರೆ ಹತ್ತಕ್ಕಿಂತ ಕಡಿಮೆ ಮಂದಿ ದುಡಿಯುವ ಘಟಕಗಳಿಗೆ ಸಾಮಾನ್ಯವಾಗಿ ಅದು ಕಡ್ಡಾಯವಲ್ಲ. ನಾಲ್ಕು ಮಗ್ಗದ ಮನೆಗಳು ಬಹುಮಟ್ಟಿಗೆ ಅದರ ಹೊರಗೇ ಉಳಿಯುತ್ತವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಆಸ್ಪತ್ರೆಯ ವೆಚ್ಚವನ್ನು ನೋಡಿಕೊಳ್ಳುತ್ತದೆಯೇ ಹೊರತು ಕಳೆದುಹೋದ ಕೂಲಿಯನ್ನಲ್ಲ. ಆದುದರಿಂದ ಒಬ್ಬೊಬ್ಬ ಮಾಲೀಕರೂ ಬೇರೆ ಬೇರೆಯಾಗಿ ಹೊರಲಾರದ ಭಾರವನ್ನು ಸಂಘದ ಮೂಲಕ ಹಂಚಿಕೊಳ್ಳುವುದು ವಿವೇಕ. ಮಾರಾಟವಾದ ಪ್ರತಿ ಸೀರೆಯಿಂದ ಒಂದು ಚಿಕ್ಕ ಮೊತ್ತವನ್ನು ತೆಗೆದಿಟ್ಟರೆ, ಹೊರೆ ಇಳಿಸಬೇಕಾದ ವಾರಗಳಿಗೆ ಅರ್ಧ ಕೂಲಿಯನ್ನಾದರೂ ಕೊಡುವ ನಿಧಿ ಕೂಡಿಬರುತ್ತದೆ. ಜರಿ ಅಂಚಿನ ಸೀರೆ ನೇಯಬಲ್ಲ ಹೊಸ ಕೈಯೊಂದನ್ನು ತಯಾರು ಮಾಡಲು ತಗಲುವ ಕಾಲ ಎಷ್ಟೆಂಬುದು ಮಾಲೀಕರಿಗೆ ಯಾರೂ ಹೇಳಿಕೊಡಬೇಕಾದುದಲ್ಲ. ಇಲ್ಲಿನ ಯುವಕರು ಮೈಸೂರು, ಬೆಂಗಳೂರಿನ ಬಸ್ಸು ಹತ್ತುತ್ತಿರುವ ಈ ದಿನಗಳಲ್ಲಿ ಇರುವ ಕೈಗಳನ್ನು ಕಳೆದುಕೊಳ್ಳುವುದು ದುಬಾರಿ ವ್ಯವಹಾರ.

ಹೊರೆ ಇಳಿಸುವುದೆಂದರೆ ನೇಕಾರನನ್ನು ಕಂಡಿಕೆ ಸುತ್ತಲು ಕೂರಿಸುವುದಲ್ಲ. ಅದರಲ್ಲಿಯೂ ಅದೇ ಬೆರಳ ಹಿಡಿತ, ಅದೇ ಮಣಿಕಟ್ಟಿನ ತಿರುವು. ಸೀರೆಯ ಪರಿಶೀಲನೆ, ಜಕಾರ್ಡ್ ಪಟ್ಟಿಗಳ ಜೋಡಣೆ, ಅಂಗಡಿಗಳಿಗೆ ಮಾಲು ಒಪ್ಪಿಸುವುದು ಇಂಥ ಕೆಲಸ ಕೊಟ್ಟರೆ ಅನುಭವವೂ ವ್ಯರ್ಥವಾಗದು. ಲಾಳಿ ಹಗ್ಗದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು, ಮೊಣಕೈ ಪಕ್ಕೆಗೆ ಹತ್ತಿರವಿರುವಂತೆ ಕೂರುವ ಎತ್ತರ ಸರಿಪಡಿಸುವುದು, ಗಂಟೆಗೊಮ್ಮೆ ಐದು ನಿಮಿಷ ಕೈ ಬಿಡುವುದು, ಇವಕ್ಕೆ ಹೇಳಿಕೊಳ್ಳುವಂಥ ಖರ್ಚಿಲ್ಲ. ಖರ್ಚಿರುವುದು ಒಂದೇ ಕಡೆ: ನೋವನ್ನು ಮೊದಲ ವಾರವೇ ಬಾಯಿಬಿಟ್ಟು ಹೇಳಿದ ನೇಕಾರನಿಗೆ ಆ ತಿಂಗಳ ಮುಂಗಡದ ಕಂತನ್ನು ಹಿಡಿಯದೆ ಬಿಡುವುದು.