ಮಾತ್ರೆ ಕೊಟ್ಟರೆ ಮುಗಿಯಿತೇ?

ಬೆಂಗಳೂರಿನ ಬಿಳೇಕಹಳ್ಳಿಯ ಆಚೀಚೆ ಬನ್ನೇರುಘಟ್ಟ ರಸ್ತೆಯುದ್ದಕ್ಕೂ ದೊಡ್ಡ ಆಸ್ಪತ್ರೆಗಳಿವೆ. ಮೆಡಿಕಲ್ ಸ್ಟೋರ್‌ಗಳಿಗೂ ಬರವಿಲ್ಲ. ಸಂಜೆ ಹೊತ್ತು ಕೌಂಟರಿನಲ್ಲಿ ಕೇಳಿಬರುವುದು ಎರಡೇ ಮಾತು: ಎಷ್ಟು ದಿನಕ್ಕೆ ಬೇಕು, ಡಿಸ್ಕೌಂಟ್ ಎಷ್ಟು. ಐದು ಮಾತ್ರೆ ಸಾಕೆಂದರೆ ಕತ್ತರಿ ಓಡುತ್ತದೆ. ಔಷಧದ ಹೆಸರು, ಎಕ್ಸ್‌ಪೈರಿ ತಾರೀಕು ಎಷ್ಟೋ ಸಲ ಅಂಗಡಿಯ ತುಂಡಿನಲ್ಲೇ ಉಳಿಯುತ್ತವೆ. ಕವರಿನ ಮೇಲೆ ಪೆನ್ನಿನಲ್ಲಿ 1-0-1 ಎಂದು ಗೀಚಿದರೆ ವ್ಯವಹಾರ ಮುಗಿಯಿತು.

2018ರ ಸೆಪ್ಟೆಂಬರ್ 28ರಂದು ಆನ್‌ಲೈನ್ ಔಷಧ ಮಾರಾಟ ವಿರೋಧಿಸಿ ಔಷಧ ವ್ಯಾಪಾರಿಗಳು ದೇಶದಾದ್ಯಂತ ಬಂದ್ ನಡೆಸಿದರು. ಯಾರ ಕಣ್ಗಾವಲೂ ಇಲ್ಲದೆ ಔಷಧ ಮನೆ ಸೇರುವುದು ಅಪಾಯ ಎಂಬ ಅವರ ಮಾತು ಸರಿಯೇ. ಆದರೆ ಅಂಗಡಿಯ ಫಾರ್ಮಸಿಸ್ಟ್ ಬಾಯೇ ಬಿಡದಿದ್ದರೆ, ಗೋಡೆಗೆ ನೇತುಹಾಕಿದ ಸರ್ಟಿಫಿಕೇಟೇ ಬಾಡಿಗೆಯದಾಗಿದ್ದರೆ, ರೋಗಿಗೆ ಆದ ಲಾಭವೇನು?

ಈ ಮೌನ ಜೀವಕ್ಕೆ ಎರವಾಗುತ್ತದೆ. ಹತ್ತಿರದ ಜಯದೇವದಂಥ ಹೃದ್ರೋಗ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟೇ ಮುಚ್ಚಿಹೋಗಬಹುದು. ಬಿಪಿ ನಾರ್ಮಲ್ ಬಂತೆಂದು ಮಾತ್ರೆ ಬಿಡುವವರಿದ್ದಾರೆ; ಬಿಪಿಯ ರಾಮಿಪ್ರಿಲ್‌ನಿಂದ ಒಣಕೆಮ್ಮು, ಶುಗರ್‌ನ ಮೆಟ್‌ಫಾರ್ಮಿನ್‌ನಿಂದ ಹೊಟ್ಟೆ ತೊಳಸು ಎಂದು ಯಾರಿಗೂ ಹೇಳದೆ ನಿಲ್ಲಿಸುವವರಿದ್ದಾರೆ. ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಔಷಧವನ್ನು ಸರಿಯಾಗಿ ತೆಗೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು.

ಕಾನೂನು ಇಲ್ಲವೆಂದಲ್ಲ. ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ 2015ರ ನಿಯಮಾವಳಿಯ ಪ್ರಕಾರ ಅಡ್ಡಪರಿಣಾಮವೇನು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಎಂಬುದನ್ನೆಲ್ಲ ಫಾರ್ಮಸಿಸ್ಟ್ ತಿಳಿಸಿಕೊಡಬೇಕು. ಆದರೆ ನೋಂದಣಿ ನವೀಕರಣಕ್ಕೆ ಅದೇ ನಿಯಮಾವಳಿ ಕೇಳುವ ತರಬೇತಿ ಐದು ವರ್ಷಕ್ಕೆ ಕನಿಷ್ಠ ಎರಡು ದಿನ! ಕೌಂಟರಿನ ಮಾತುಗಾರಿಕೆಯನ್ನು ಅಷ್ಟರಲ್ಲಿ ಯಾರೂ ಕಲಿಯಲಾರರು.

ಕೆಲಸದ ಅಳತೆಯೂ ಬದಲಾಗಬೇಕು. ಇಂಗ್ಲೆಂಡಿನಲ್ಲಿ 2011ರಿಂದ, ಕೆಲವು ಕಾಯಿಲೆಗಳಿಗೆ ಹೊಸ ಔಷಧ ಆರಂಭಿಸಿದವರನ್ನು ಫಾರ್ಮಸಿಸ್ಟ್ ಮತ್ತೆ ಮಾತಾಡಿಸುತ್ತಾರೆ. ಅದಕ್ಕೆ ಸರ್ಕಾರವೇ ಹಣ ಕೊಡುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, ರೋಗಿಯ ಕೈಯಲ್ಲಿ ಶೇ 80ರಷ್ಟು ದಿನಗಳಿಗಾದರೂ ಔಷಧವಿತ್ತೇ ಎಂದು ಲೆಕ್ಕ ಹಾಕಿ ವಿಮಾ ಯೋಜನೆಗಳಿಗೆ ಅಂಕ ಕೊಡುತ್ತದೆ. ಸ್ಟ್ರಿಪ್ ಕೊಂಡ ಮಾತ್ರಕ್ಕೆ ಮಾತ್ರೆ ನುಂಗಿದಂತಲ್ಲ, ನಿಜ. ಇದೊಂದೇ ಅಳತೆಯಾದರೆ ಮಾರಾಟಕ್ಕೆ ಇನ್ನೊಂದು ನೆಪವಾದೀತು. ಜೊತೆಗೆ ಬಿಪಿ, ಶುಗರ್ ಹತೋಟಿಗೆ ಬಂತೇ ಎಂದೂ ನೋಡಬೇಕು.

ಪುರುಸೊತ್ತಿಲ್ಲ, ಸಂಬಳ ಸಾಲದು ಎಂಬ ಫಾರ್ಮಸಿಸ್ಟರ ದೂರು ನ್ಯಾಯವಾದದ್ದು. ಮಾತಾಡಿಸುವ ಕೆಲಸಕ್ಕೆ ಪ್ರತ್ಯೇಕ ಶುಲ್ಕ ಕೊಡಿ, ಆಮೇಲೆ ಲೆಕ್ಕ ಕೇಳಿ. ರಾಜ್ಯ ಸರ್ಕಾರವೂ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲೂ ಸೇರಿ ಬಿಪಿ, ಶುಗರ್ ಮಾತ್ರೆಗಳಿಂದಲೇ ಇದನ್ನು ಶುರು ಮಾಡಲಿ. ಅಲ್ಲಿಯವರೆಗೆ ಗ್ರಾಹಕರು ಬಿಲ್ಲಿಗೆ ಮೊದಲು ಫಾರ್ಮಸಿಸ್ಟ್ ಯಾರೆಂದು ಕೇಳಲಿ, ಮಾತ್ರೆಯ ವಿವರ ಅವರ ಬಾಯಿಂದಲೇ ತಿಳಿದುಕೊಳ್ಳಲಿ.