ಈಥರ್ ಬಾಟಲಿಗೂ ದಿನಾಂಕವಿರಲಿ

ಕೆಲವು ಪದವಿ ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಾಲಯಗಳಲ್ಲಿ, ಯಾವಾಗ ತೆರೆದದ್ದೋ ಗೊತ್ತಿಲ್ಲದ ಈಥರ್ ಬಾಟಲಿಗಳು ಕಪಾಟಿನಲ್ಲಿ ಉಳಿದಿವೆ. ಗಾಳಿ, ಬೆಳಕು ಸೋಕಿದ ಈಥರಿನಲ್ಲಿ ಪೆರಾಕ್ಸೈಡ್ ಹುಟ್ಟುತ್ತದೆ. ಬಟ್ಟಿ ಇಳಿಸುವಾಗ ತಳ ಒಣಗಿದರೆ ಸಿಡಿಯಬಹುದು. ಮುಚ್ಚಳದ ಸುತ್ತ ಹರಳು ಕಂಡರಂತೂ ಅದನ್ನು ತಿರುಗಿಸಲೇಬಾರದು. ಸಿಲಿಂಡರಿನಲ್ಲಿ ಬರುವ ಬ್ಯುಟಡೈಯೀನ್ ಅನಿಲಕ್ಕೂ ಪೆರಾಕ್ಸೈಡ್ ಹುಟ್ಟಿಸುವ ಇದೇ ಗುಣವಿದೆ. ಆದರೆ ಸಿಲಿಂಡರಿಗೆ ಹೆದರುವ ನಾವು ಬಾಟಲಿಗೆ ಹೆದರುವುದಿಲ್ಲ!

ತಂದ ದಿನ, ತೆರೆದ ದಿನ ಎರಡನ್ನೂ ಚೀಟಿಯಲ್ಲಿ ಬರೆಯಲು ಖರ್ಚೇನಿಲ್ಲ. ಬಳಸುವ ಮುನ್ನ ಆಮ್ಲ ಬೆರೆಸಿದ ಪೊಟ್ಯಾಸಿಯಂ ಅಯೊಡೈಡ್ ದ್ರಾವಣದಿಂದ ಪರೀಕ್ಷಿಸಬಹುದು. ಹಳದಿ ಅಥವಾ ಕಂದು ಬಣ್ಣ ಬಂದರೆ ಪೆರಾಕ್ಸೈಡ್ ಇದೆ ಎಂದರ್ಥ. ಹಣ ಬೇಕಾಗುವುದು ಹಳೆಯ ಬಾಟಲಿಗಳ ಸುರಕ್ಷಿತ ವಿಲೇವಾರಿಗೆ. ಕಾಲೇಜು ಶಿಕ್ಷಣ ಇಲಾಖೆ ಇದಕ್ಕೆ ಪ್ರತ್ಯೇಕ ಅನುದಾನ ನೀಡಿ, ಪ್ರಾಯೋಗಿಕ ಪರೀಕ್ಷೆಗಳಿಗೆ ಮೊದಲೇ ಕಪಾಟುಗಳ ತಪಾಸಣೆ ನಡೆಸಬೇಕೆಂದು ವಿನಂತಿ.

ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ